ಟ್ರ್ಯಾಕಿನ ಮೇಲೆ ಒಡೆಸಿದ ಬೂದುಗುಂಬಳ

ಜಯನಗರದಲ್ಲಿ ನಾನೂ ನನ್ನ ಗೆಳತಿಯೂ ಹೈಸ್ಕೂಲಿಗೆ ಹೋಗುತ್ತಿದ್ದದ್ದು ಒಂದೇ ಸೈಕಲ್ಲಿನಲ್ಲಿ. ತುಳಿಯುವವಳು ಅವಳು, ಹಿಂದೆ ಕ್ಯಾರಿಯರ್ ಮೇಲೆ ಕೂತು ಆಜ್ಞೆ ಮಾಡುವವಳು ನಾನು. ಎದುರಾಗುತ್ತಿದ್ದ ಹಾಲಿನವರು, ಪೇಪರಿನವರು, ಫ್ಯಾಕ್ಟರಿಗೆ ಹೊರಟ ಅಪ್ಪಂದಿರು, ಎಲ್ಲರೂ ಸೈಕಲ್ಲಿನ ಮೇಲೇ. ಹೊಂಗೆ ಮರಗಳ ನೆರಳಲ್ಲಿ ಕೈ ಬಿಟ್ಟು ಓಡಿಸುತ್ತಿದ್ದಳು ಪುಣ್ಯಾತ್ಗಿತ್ತಿ. ಆ ಬೆಳಗುಗಳು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಎಷ್ಟು ಸಲೀಸಾಗಿ ಕಳೆದುಕೊಂಡೆವು!

ಐವತ್ತು ದಾಟಿದ ಮೇಲೆ, ನಮ್ಮ ರಸ್ತೆಗೆ ಸೈಕಲ್ ಟ್ರ್ಯಾಕ್ ಬೇಕು ಅಂತ ಅರ್ಜಿ ಬರೆದವರೂ ನಾವಿಬ್ಬರೇ. ಸರ್ಕಾರಿ ಆಫೀಸಿನಲ್ಲಿ ಮಗನ ವಯಸ್ಸಿನ ಇಂಜಿನಿಯರ್ ಒಬ್ಬ ಸಿಕ್ಕ. ಉತ್ತರಹಳ್ಳಿಯಿಂದ ಸೈಕಲ್ಲಿನಲ್ಲೇ ಕೆಲಸಕ್ಕೆ ಬರುವ ಆಸಾಮಿ. ಮೇಲಿನವರ ಬೆನ್ನು ಬಿದ್ದು ದುಡ್ಡು ಮಂಜೂರು ಮಾಡಿಸಿದ. ಕಾರು ನಿಲ್ಲಿಸಲು ಜಾಗ ಹೋಯಿತೆಂದು ಜಗಳಕ್ಕೆ ಬಂದ ಅಂಗಡಿಯವರ ಮುಂದೆ ಎದೆಯೊಡ್ಡಿ ನಿಂತ. ಹಸಿರು ಬಣ್ಣ ಬಳಿದು ಕಂಬ ನೆಟ್ಟ ದಿನವೇ ಗೆಳತಿ ಎಷ್ಟೋ ವರ್ಷಗಳ ಮೇಲೆ ಸೈಕಲ್ ಹತ್ತಿದಳು. ಅಲ್ಲಿಂದಾಚೆ ಕಾಂಪ್ಲೆಕ್ಸ್ ಮಾರ್ಕೆಟ್ಟಿನ ತರಕಾರಿಗೂ ಅದೇ, ಬನಶಂಕರಿ ದೇವಸ್ಥಾನಕ್ಕೂ ಅದೇ.

ಆ ವರ್ಷದ ಆಯುಧಪೂಜೆ ಬಂತು. ಕಾರು ತೊಳೆದು, ಬಾಳೆಕಂದು ಕಟ್ಟಿ, ದೃಷ್ಟಿ ತೆಗೆದು ಬೂದುಗುಂಬಳಕಾಯಿ ಒಡೆಯುವುದು ನಮ್ಮನೆಯಲ್ಲಿ ತಪ್ಪಿದ್ದೇ ಇಲ್ಲ. ಯಜಮಾನರು ಗೇಟಿನ ಮುಂದೆ ಕಾಯಿ ಎತ್ತಿದರು.

"ರೀ, ಅಲ್ಲಿ ಬೇಡ, ರಂಗೋಲಿ ಹಾಳಾಗತ್ತೆ. ಟ್ರ್ಯಾಕ್ ಖಾಲಿ ಇದೆಯಲ್ಲಾ, ಅಲ್ಲಿ ಒಡೀರಿ" ಅಂದೆ.

ಒಡೆದರು. ಹೋಳು ಬಳಿದು ತೆಗೆಯುವುದು ಯಾರಿಗೆ ನೆನಪಿರುತ್ತದೆ? ಒಳಗೆ ಒಬ್ಬಟ್ಟು ಕಾಯುತ್ತಿತ್ತು.

ಸಂಜೆ ಸೈಕಲ್ಲಿನಲ್ಲಿ ಬಂದ ಗೆಳತಿ ಅದರ ಮೇಲೇ ಜಾರಿ ಬಿದ್ದಳು. ಮಂಡಿಚಿಪ್ಪು ಒಡೆಯಿತು. ಹಬ್ಬದ ದಿನ ರಸ್ತೆ ತುಂಬ ಹೋಳುಗಳೇ, ಹಾಗಾಗಿ ಯಾರ ಮನೆಯದು ಅಂತ ಯಾರೂ ಕೇಳಲಿಲ್ಲ.

ವಾರ ಕಳೆದು ಇಂಜಿನಿಯರ್ ಅವಳನ್ನು ನೋಡಲು ಬಂದಾಗ ನಾನೂ ಅಲ್ಲೇ ಇದ್ದೆ.

"ಟ್ರ್ಯಾಕ್ ಮಾಡಿ ಕೈ ತೊಳ್ಕೊಂಡ್ಬಿಟ್ರೆ ಆಯ್ತೇನ್ರೀ? ಗುಡಿಸೋದು ಯಾರು, ನಮ್ಮಜ್ಜಿನಾ?" ಅಂತ ಅವಳು ಅವನ ಬೆಂಡೆತ್ತಿದಳು.

"ತಪ್ಪಾಯ್ತು ಮೇಡಂ" ಅಂದ, ತಲೆ ತಗ್ಗಿಸಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಅನ್ನುತ್ತಾರಲ್ಲ, ನನ್ನ ಕೈಯೂ ಹೆಗಲ ಮೇಲಿನ ಸೆರಗಿಗೇ ಹೋಯಿತು. ಬಾಯಿ ಮಾತ್ರ ಬಿಡಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ತಿಂಗಳು ತಡೆದು, ಕೊನೆಗೆ ಗೆಳತಿಗೆ ಎಲ್ಲ ಹೇಳಿದೆ. ಬೈಯಲಿ ಅಂತ ಕಾದೆ.

"ನಂಗ್ಯಾಕೇ ಹೇಳ್ತೀಯಾ? ನಾನು ಉಗಿದಿದ್ದು ಆ ಇಂಜಿನಿಯರ್‌ಗೆ. ಹೋಗಿ ಅವನಿಗೆ ಹೇಳು" ಅಂದಳು.

ಹೋದೆ. ಇಟ್ಟಮಡುವಿನವರೆಗೆ ಟ್ರ್ಯಾಕ್ ಮುಂದುವರಿಸುವ ನಕ್ಷೆ ಅವನ ಮೇಜಿನ ಮೇಲಿತ್ತು. ಪೂರ್ತಿ ಕೇಳಿಸಿಕೊಂಡ. ಕೋಪ ಮಾಡಿಕೊಳ್ಳಲಿಲ್ಲ.

"ಅದು ಬಿಡಿ ಮೇಡಂ. ಅವರು ಮತ್ತೆ ಸೈಕಲ್ ಹತ್ತಿದ್ರಾ?" ಅಂದ.

"ಇಲ್ಲ. ಮಂಡಿ ಮಡಚೋಕಾಗಲ್ಲ" ಅಂದೆ. ಅಷ್ಟು ಹೇಳುವಷ್ಟರಲ್ಲಿ, ಆ ಆಫೀಸಿನ ಕುರ್ಚಿಯಲ್ಲೇ, ಅಷ್ಟು ಜನರ ಮುಂದೆ ಅತ್ತುಬಿಟ್ಟೆ.