ಹುಳಿ ಉಣ್ಣುವ ಊರು

ಬೆಂಗಳೂರು ಸೀಮೆಯ ವಿಜಯಪುರದ ಕಲಾಯಿ ಖಾಸಿಂ ಸಾಬರು ಯಾವುದನ್ನೂ ವಿಚಾರಿಸದೆ ಮಾಡಿದವರಲ್ಲ. ಸಂತೆಯಲ್ಲಿ ನಾಲ್ಕು ಬದನೆಕಾಯಿ ಕೊಳ್ಳಬೇಕಾದರೂ ಅದು ಯಾರ ತೋಟದ್ದು, ಬಾವಿ ನೀರಿನದೋ ಕೆರೆ ನೀರಿನದೋ ಎಂದು ಕೇಳುವರು. ಉತ್ತರ ಸರಿಕಾಣದಿದ್ದರೆ ಪಕ್ಕದವನ ಹತ್ತಿರ ಹೋಗಿ ಅದನ್ನೇ ಕೇಳುವರು. ಅವರು ಮನೆ ಸೇರುವ ಹೊತ್ತಿಗೆ ಹೆಂಡತಿ ಬಶೀರುನ್ನೀಸಾ ಬೇರೆ ಏನಾದರೂ ಬೇಯಿಸಿ ಇಳಿಸಿರುತ್ತಿದ್ದರು. ಇಂಥ ಮನುಷ್ಯನಿಗೆ ದೇಶ ಎರಡಾದ ವರ್ಷ ಹೊಸ ದೇಶದಲ್ಲಿ ಯಾವ ಊರಿಗೆ ಹೋಗಿ ನೆಲೆಸಬೇಕು ಎನ್ನುವ ಪ್ರಶ್ನೆ ಬಂತು.

ಆಗ ಅವರಿಗೆ ನಲವತ್ತರ ಮೇಲೆ ಒಂದೋ ಎರಡೋ. ಪಕ್ಕದ ಚನ್ನರಾಯಪಟ್ಟಣ ಹೋಬಳಿಯ ಇಪ್ಪತ್ತೆರಡು ಹಳ್ಳಿಗಳ ಕಲಾಯಿ ಅವರದಾಗಿತ್ತು, ಅವರ ತಾತನ ಕಾಲದಿಂದ ಬಂದದ್ದು. ವರ್ಷಕ್ಕೆ ಎರಡು ಸಲ ಒಂದೊಂದು ಊರಿಗೂ ಹೋಗಿ ಹೊಂಗೆ ಮರದ ಕೆಳಗೆ ಗುಂಡಿ ತೋಡಿ, ತಿದಿ ಹೂಡಿ ಕೂತರೆ ಹೆಂಗಸರು ಹಿತ್ತಾಳೆ ತಪ್ಪಲೆ, ತಾಮ್ರದ ಪಾತ್ರೆ ಎಲ್ಲ ಹೊತ್ತು ತಂದು ಸಾಲಾಗಿ ಇಡುವರು. ಪಾತ್ರೆಗೆ ಮರಳು ಹಾಕಿ, ಅದರೊಳಗೆ ನಿಂತು ಹಿಮ್ಮಡಿ ತಿರುಗಿಸಿ ತಿಕ್ಕಬೇಕು. ಕಾಯಿಸಿ ನವಸಾಗರದ ಪುಡಿ ಎರಚಬೇಕು. ಹೊಗೆ ಏಳುತ್ತಿರುವಾಗಲೇ ತವರ ಮುಟ್ಟಿಸಿ ಹತ್ತಿಯಿಂದ ಒರೆಸಬೇಕು. ಒಳಮೈ ಹುಣ್ಣಿಮೆಯ ಹಾಗೆ ಬೆಳ್ಳಗಾಗುವುದು. ಆಮೇಲೆ ಹುಣಸೆಹಣ್ಣಿನ ಸಾರು ಅದನ್ನು ಆರು ತಿಂಗಳಲ್ಲಿ ತಿಂದುಹಾಕುವುದು. ಹಾಗೆ ತಿಂದುಹಾಕುವುದರಿಂದಲೇ ಖಾಸಿಂ ಸಾಬರ ಮನೆಯವರು ಉಣ್ಣುತ್ತಿದ್ದರು. ಸುಗ್ಗಿಯಲ್ಲಿ ಮನೆಮನೆಯಿಂದ ರಾಗಿ, ಕಾಲಕ್ಕೆ ಅವರೆಕಾಯಿ. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳಿಗೆ ಅದರಲ್ಲಿ ಯಾವತ್ತೂ ಕಡಿಮೆಯಾಗಿರಲಿಲ್ಲ.

ಪ್ರಶ್ನೆ ತಂದವರು ಬಶೀರುನ್ನೀಸಾ ಅವರ ಅಣ್ಣ ಅಬ್ದುಲ್ ರಜಾಕ್. ಬೆಂಗಳೂರಿನ ಒಂದು ಚರ್ಮದ ಮಂಡಿಯಲ್ಲಿ ಗುಮಾಸ್ತರು. ಮಂಡಿಯ ಯಜಮಾನರು ಕರಾಚಿಗೆ ಹೊರಟಿದ್ದಾರೆ, ತಾನೂ ಅವರ ಜೊತೆ ಹೋಗುತ್ತೇನೆ, ತಂಗಿಯನ್ನು ಇಲ್ಲಿ ಬಿಟ್ಟುಹೋಗಲು ಮನಸ್ಸಿಲ್ಲ ಎಂದು ಹೇಳಿಕೊಂಡು ಬಂದರು. ಉತ್ತರದಿಂದ ದಿನವೂ ಕೊಲೆ, ಬೆಂಕಿಯ ಸುದ್ದಿ ಬರುತ್ತಿತ್ತು. ವಿಜಯಪುರದಲ್ಲಿ ಮಾತ್ರ ಯಾರೂ ಖಾಸಿಂ ಸಾಬರಿಗೆ ಹೋಗು ಎಂದಿರಲಿಲ್ಲ, ಇರು ಎಂದೂ ಎಂದಿರಲಿಲ್ಲ. ನಾಳೆ ಏನಾಗುತ್ತದೋ ಯಾರಿಗೆ ಗೊತ್ತು ಎಂದರು ರಜಾಕ್.

"ಬರೋದಕ್ಕೇನೋ ಬರ್ತೀನಿ," ಅಂದರು ಖಾಸಿಂ ಸಾಬರು. "ಯಾವ ಊರಿಗೆ ಅಂತ ಹೇಳಿ ಭಾಯ್."

"ಯಾವ ಊರಾದ್ರೆ ಏನು? ದೇಶವೇ ನಮ್ದು ಅಂದ್ಮೇಲೆ."

"ದೇಶದಲ್ಲಿ ಯಾರೂ ಕಲಾಯಿ ಹಾಕ್ಸಲ್ಲ. ಊರಲ್ಲಿ ಹಾಕಿಸ್ತಾರೆ."

ಅಂದಿನಿಂದ ವಿಚಾರಣೆ ಶುರುವಾಯಿತು. ಅವರಿಗೆ ತಿಳಿಯಬೇಕಾಗಿದ್ದದ್ದು ಎರಡೇ ಸಂಗತಿ. ಆ ಊರಿನವರು ಅಡುಗೆ ಮಾಡುವುದು ಯಾವ ಪಾತ್ರೆಯಲ್ಲಿ? ಅದಕ್ಕೆ ಹಿಂಡುವ ಹುಳಿ ಯಾವುದು? ಉಳಿದದ್ದನ್ನು, ಅಂದರೆ ಮನೆ, ಮಸೀದಿ, ಮಾತು, ಮಳೆ, ಇವನ್ನೆಲ್ಲ ಹೋದಮೇಲೆ ನೋಡಿಕೊಳ್ಳಬಹುದು ಎಂದು ಬಿಟ್ಟುಬಿಟ್ಟರು.

ಮೊದಲು ಹಿಡಿದದ್ದು ಚನ್ನರಾಯಪಟ್ಟಣದ ಬೈಲಪ್ಪನನ್ನು. ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿಕೊಂಡು ಲಾಹೋರು, ಕರಾಚಿ ಎರಡನ್ನೂ ಕಂಡು ಬಂದವನು. ಲಾಹೋರಿನ ಜನ ತುಪ್ಪದಲ್ಲಿ ಅದ್ದಿ ರೊಟ್ಟಿ ತಿನ್ನುತ್ತಾರೆ, ಬೇಳೆಗೂ ಬೆಣ್ಣೆ ಹಾಕುತ್ತಾರೆ, ಹುಣಸೆಹಣ್ಣು ಹಾಕಿದ್ದನ್ನು ತಾನು ಕಾಣಲಿಲ್ಲ ಎಂದು ಅವನು ಹೇಳಿದ. ಖಾಸಿಂ ಸಾಬರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಬೆಣ್ಣೆ ಕಲಾಯಿಯನ್ನು ಕಾಯುತ್ತದೆಯೇ ಹೊರತು ತಿನ್ನುವುದಿಲ್ಲ. ಒಂದು ಸಲ ಹಾಕಿಸಿದರೆ ಎರಡು ವರ್ಷ ತಿರುಗಿ ಕರೆಯುವುದಿಲ್ಲ. ಲಾಹೋರು ಬಿಟ್ಟುಹೋಯಿತು.

ಢಾಕಾದ ವಿಷಯ ಹೇಳಿದವನು ರೇಷ್ಮೆಗೂಡಿನ ಸಂತೆಗೆ ಬರುತ್ತಿದ್ದ ಒಬ್ಬ ದಲ್ಲಾಳಿ. ಅಲ್ಲಿ ಆರು ತಿಂಗಳು ಮಳೆ, ಮೂರು ತಿಂಗಳು ನೆರೆ ಎಂದ. ಒಲೆಗುಂಡಿಯಲ್ಲಿ ನೀರು ನಿಂತರೆ ತಿದಿ ಊದಿ ಪ್ರಯೋಜನವೇನು? ಢಾಕಾನೂ ಹೋಯಿತು. ಕರಾಚಿಯಲ್ಲಿ ಬೈಲಪ್ಪ ಉಂಡದ್ದೆಲ್ಲ ಹೋಟೆಲಿನಲ್ಲಿ, ಪಿಂಗಾಣಿ ತಟ್ಟೆಯಲ್ಲಿ. ಅಡುಗೆ ಯಾವುದರಲ್ಲಿ ಬೆಂದಿತ್ತು ಎಂದು ಕೇಳಿದ್ದಕ್ಕೆ ಅವನು ನಕ್ಕ.

"ಅಲ್ಲ ಸಾಬ್ರೆ, ತಲೆ ಮೇಲೆ ಬಾಂಬ್ ಬೀಳ್ತದೋ ಏನೋ ಅನ್ನೋ ಕಾಲ. ಹೋಟ್ಲು ಒಳಕ್ಕೆ ನುಗ್ಗಿ ತಪ್ಪಲೆ ಬಗ್ಗಿ ನೋಡೋಕಾಗ್ತದಾ?"

"ಒಂದ್ಸಲ ನೋಡಬೌದಾಗಿತ್ತು," ಅಂದರು ಖಾಸಿಂ ಸಾಬರು, ಬೇಸರದಿಂದ.

ಹೀಗೆ ಐದು ತಿಂಗಳು ಕಳೆಯಿತು. ರಜಾಕ್ ತಿಂಗಳಿಗೊಂದು ಸಲ ಬಂದು ಊರು ಗೊತ್ತಾಯಿತೇ ಎಂದು ಕೇಳುವರು, ಇಲ್ಲ ಎನ್ನಿಸಿಕೊಂಡು ಹೋಗುವರು. ಅವರೆ ಕಾಲದಲ್ಲಿ ಬಂದಾಗ ಕೈಯಲ್ಲಿ ಒಂದು ಕಾಗದ ಇತ್ತು. ಮಂಡಿಯ ಇನ್ನೊಬ್ಬ ಗುಮಾಸ್ತ ಮುಂದಾಗಿ ಹೋಗಿ ಕರಾಚಿಯಿಂದ ಬರೆದದ್ದು. ಮದರಾಸಿನವರೂ ಮೈಸೂರಿನವರೂ ಒಂದೇ ಬೀದಿಯಲ್ಲಿ ಸೇರಿಕೊಂಡಿದ್ದಾರೆ, ಬರುವಾಗ ಪಾತ್ರೆಪಡಗವನ್ನೂ ತಂದಿದ್ದಾರೆ, ಅವರೆಲ್ಲ ಬಂದಮೇಲೆ ಪೇಟೆಯಲ್ಲಿ ಹುಣಸೆಹಣ್ಣು ಸಿಗುವುದೇ ಕಷ್ಟವಾಗಿದೆ ಎಂದು ಅದರಲ್ಲಿತ್ತು. ಖಾಸಿಂ ಸಾಬರು ಆ ಕೊನೆಯ ಸಾಲನ್ನು ಮೂರು ಸಲ ಓದಿಸಿದರು.

"ಕರಾಚಿ," ಅಂದರು. "ಆ ಬೀದಿಗೇ ಹೋಗೋಣ."

ಬಶೀರುನ್ನೀಸಾ ಆಗ ಅವರೆಕಾಳು ಹಿಸುಕುತ್ತಾ ಕೂತಿದ್ದರು. ತಲೆ ಎತ್ತದೆ, ಮೈಸೂರಿನವರ ಪಾತ್ರೆಗೆ ಕಲಾಯಿ ಹಾಕುವುದಕ್ಕೆ ಸಮುದ್ರ ದಾಟಬೇಕೇ ಎಂದು ಕೇಳಿದರು. ಅಣ್ಣನಾಗಲಿ ಗಂಡನಾಗಲಿ ಅದನ್ನು ಪ್ರಶ್ನೆ ಎಂದು ತಿಳಿಯಲಿಲ್ಲ.

ಊರು ಗೊತ್ತಾಯಿತು. ಇನ್ನು ಹೊರಡುವುದೊಂದೇ. ಖಾಸಿಂ ಸಾಬರು ಇಪ್ಪತ್ತೆರಡು ಹಳ್ಳಿಗಳನ್ನು ಹಾಗೇ ಬಿಟ್ಟು ಹೋಗುವವರಲ್ಲ. ಆ ಕಡೆಯ ಕಲಾಯಿಯವರಲ್ಲಿ ಒಂದು ಕಟ್ಟುಪಾಡಿತ್ತು, ಅದನ್ನು ಒಲೆ ಕೊಡುವುದು ಎನ್ನುತ್ತಿದ್ದರು. ಊರು ಬಿಡುವವನು ಹೊಸಬನನ್ನು ಕರೆದುಕೊಂಡು ಹೋಗಿ, ಊರವರ ಮುಂದೆ ಕೊನೆಯದಾಗಿ ಒಂದು ಪಾತ್ರೆಗೆ ಕಲಾಯಿ ಹಾಕುವನು. ಅದೇ ಬೆಂಕಿಯಲ್ಲಿ ಹೊಸಬ ಎರಡನೆಯದಕ್ಕೆ ಹಾಕುವನು. ಅಲ್ಲಿಗೆ ಆಯಿತು. ಕೊಟ್ಟವನು ಮತ್ತೆ ಬದುಕಿರುವವರೆಗೂ ಆ ಊರಿನಲ್ಲಿ ತಿದಿ ಮುಟ್ಟುವಂತಿಲ್ಲ.

ಹೊಸಬನಾಗಿ ಬಂದವನು ಹೈದರ್, ಅನುಗೊಂಡನಹಳ್ಳಿಯವನು, ಖಾಸಿಂ ಸಾಬರ ಚಿಕ್ಕಪ್ಪನ ಮಗ. ಅವನೂ ಕಟ್ಟು ಮೀರುವವನಲ್ಲ. ತನ್ನ ಅನುಗೊಂಡನಹಳ್ಳಿ ಕಡೆಯ ಊರುಗಳನ್ನು ಮೊದಲು ತನ್ನ ಭಾವಮೈದನಿಗೆ ಕೊಟ್ಟೇ ಬಂದ. ಆ ಭಾವಮೈದನಿದ್ದದ್ದು ನೆಲಮಂಗಲದಾಚೆ, ಸೋಂಪುರದಲ್ಲಿ. ಅವನ ಜಾಗ ಕೇಳುವವರು ಯಾರೂ ಇರಲಿಲ್ಲ. ಅವನು ಸಾಮಾನು ಕಟ್ಟಿಕೊಂಡು, ಹಿಂದಕ್ಕೆ ತಿರುಗಿಯೂ ನೋಡದೆ ಅನುಗೊಂಡನಹಳ್ಳಿ ಸೇರಿಕೊಂಡ.

ರಜಾಕ್, ಒಂದು ದಿನ ಚನ್ನರಾಯಪಟ್ಟಣದಲ್ಲಿ ನಿಂತು ಎಲ್ಲ ಊರನ್ನೂ ಒಟ್ಟಿಗೆ ಕೊಟ್ಟುಬಿಡು ಎಂದರು. ಖಾಸಿಂ ಸಾಬರು ಒಪ್ಪಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಶುರುಮಾಡಿದವರು ಇಪ್ಪತ್ತೆರಡೂ ಊರು ಮುಗಿಸುವ ಹೊತ್ತಿಗೆ ಶಿವರಾತ್ರಿ ದಾಟಿತ್ತು. ಹೋದಲ್ಲೆಲ್ಲ ಹೆಂಗಸರು ಹೈದರನ ಕೈಕೆಲಸವನ್ನು ಬಿಸಿಲಿಗೆ ಹಿಡಿದು ನೋಡಿ, ಪರವಾಗಿಲ್ಲ ಎಂದರು. ಕೊನೆಯ ಊರಿನಲ್ಲಿ ಸೊಣ್ಣಮ್ಮ ಎನ್ನುವ ಮುದುಕಿ, ತಾನು ಸೊಸೆಯಾಗಿ ಬಂದ ವರ್ಷದಿಂದ ಖಾಸಿಂ ಸಾಬರ ಮನೆಯವರಿಗೇ ಪಾತ್ರೆ ಕೊಟ್ಟವರು, ಹತ್ತಿರ ಬಂದು ಕೂತರು.

"ಅಲ್ಲಪ್ಪಾ, ಅಷ್ಟು ದೂರ ಯಾಕೆ ಹೋಗ್ತೀಯ? ನಮ್ಮ ತಪ್ಪಲೆ ಏನು ತಪ್ಪು ಮಾಡ್ದೊ?"

ಖಾಸಿಂ ಸಾಬರು ತಮ್ಮ ಪಾಲಿನ ಕೊನೆಯ ಪಾತ್ರೆಯಾದ ಸೊಣ್ಣಮ್ಮನ ತಪ್ಪಲೆಗೆ ಎರಡು ಸುತ್ತು ತವರ ಹೆಚ್ಚಾಗಿ ಒರೆಸಿ, ಏಳು ತಿಂಗಳು ಬರುತ್ತದೆ ಎಂದು ಹೇಳಿ ಎದ್ದರು.

ಯುಗಾದಿಯಾದ ಮೇಲೆ ರಜಾಕ್ ಬಂದರು. ಹೊಸ ಕೋಟು ಹಾಕಿದ್ದರು. ಕಾಫಿ ಕುಡಿಯುವವರೆಗೂ ಬಿಸಿಲಿನ ವಿಷಯವನ್ನೇ ಮಾತಾಡಿ, ಆಮೇಲೆ ಹೇಳಿದರು. ಬೆಂಗಳೂರಿನ ಚರ್ಮದ ವ್ಯಾಪಾರಿಗಳಲ್ಲಿ ಹೋಗುವವರೆಲ್ಲ ಹೋಗಿಬಿಟ್ಟಿದ್ದಾರೆ. ಉಳಿದವರಿಗೆ ವ್ಯಾಪಾರ ಮೂರು ಪಟ್ಟಾಗಿದೆ. ಅದನ್ನು ನೋಡಿ ಯಜಮಾನರು ಇಲ್ಲೇ ನಿಂತರು. ರಜಾಕರಿಗೆ ಗುಮಾಸ್ತಿಕೆಯಿಂದ ಮೇಲ್ವಿಚಾರಣೆಗೆ ಬಡ್ತಿ ಕೊಟ್ಟಿದ್ದಾರೆ.

"ಹೋಗೋದಿಲ್ಲ ಅಂತಲ್ಲ," ಅಂದರು ರಜಾಕ್. "ಸದ್ಯಕ್ಕೆ ಮುಂದಕ್ಕೆ ಹಾಕಿದೀವಿ. ದೇಶ ಎಲ್ಲಿಗೆ ಹೋಗುತ್ತೆ, ಅಲ್ಲೇ ಇರುತ್ತೆ."

"ನನ್ನ ಹಳ್ಳಿಗಳು ಇರಲ್ಲವಲ್ಲ ಭಾಯ್."

ರಜಾಕರಿಗೆ ಅದು ನೆನಪಿರಲಿಲ್ಲ. ಹೈದರನಿಂದ ವಾಪಸು ತಗೊಂಡರಾಯಿತು ಎಂದರು. ಪಾಪ, ಹೈದರನೂ ಅದನ್ನೇ ಹೇಳಿಕೊಂಡು ತಾನಾಗಿ ಬಂದಿದ್ದ. ಆದರೆ ಕೊಟ್ಟ ಒಲೆಯನ್ನು ವಾಪಸು ತಗೊಂಡವರು ಅವರ ಪೈಕಿ ಯಾರೂ ಇರಲಿಲ್ಲ. ಖಾಸಿಂ ಸಾಬರು ಮೊದಲನೆಯವರಾಗಲು ಸಿದ್ಧರಿರಲಿಲ್ಲ. ತಾವೊಬ್ಬರೇ ಕರಾಚಿಗೆ ಹೋಗುವುದೆಂದರೆ, ಇಳಿದುಕೊಳ್ಳುವುದಕ್ಕೆ ಇದ್ದದ್ದು ಯಜಮಾನರ ಆಸರೆಯೊಂದೇ. ಈಗ ಅದೂ ಇಲ್ಲ. ಅಣ್ಣನೇ ಹೋಗದ ದೇಶಕ್ಕೆ ತಾನು ಬರುವುದಿಲ್ಲ ಎಂದು ಬಶೀರುನ್ನೀಸಾ ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಹೀಗೆ ಖಾಸಿಂ ಸಾಬರು, ಎಲ್ಲಿಗೂ ಹೋಗದೆ, ಹುಟ್ಟಿದ ಊರಿನಲ್ಲೇ ನೆಲೆಯಿಲ್ಲದವರಾದರು.

ಮೂರು ತಾಲ್ಲೂಕಿನಲ್ಲಿ ಖಾಲಿ ಬಿದ್ದಿದ್ದ ಒಲೆ ಒಂದೇ. ಸೋಂಪುರದ್ದು. ಎರಡು ದಿನ ಎತ್ತಿನ ಗಾಡಿಯಲ್ಲಿ ಕೂತು ಹೋಗಿ, ಊರ ಅಂಚಿನಲ್ಲಿ ಒಂದು ಹೆಂಚಿನ ಮನೆ ಹಿಡಿದರು. ಮಾರನೆಯ ಬೆಳಿಗ್ಗೆ ಖಾಸಿಂ ಸಾಬರು ತಿದಿ ಹೊತ್ತು ಹೊರಟು, ಮೊದಲು ಪಟೇಲ್ ಪಾಪಯ್ಯನವರನ್ನು ಕಂಡರು. ಪಾಪಯ್ಯ ಒಳ್ಳೆಯ ಮನುಷ್ಯ. ಜಗಲಿಯ ಮೇಲೆ ಕೂರಿಸಿ, ಎಲೆ ಅಡಿಕೆ ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ನಮ್ಮಲ್ಲಿ ಎಲ್ಲಾ ಮಡಕೇನೇ ಸಾಬ್ರೆ. ಮಡಕೆ ಸಾರಿನ ರುಚಿ ಹಿತ್ತಾಳೇಲಿ ಬರಲ್ಲ. ನಮ್ಮನೇಲೇ ಎಂಟು ವರ್ಷದಿಂದ ಮಡಕೇಲೇ ಉಣ್ತಿದೀನಿ. ಹಿತ್ತಾಳೆ ಇರೋ ಮನೆ ಈ ಕಡೆ ನಾ ಕಾಣೆ."

ಸುತ್ತಿನ ನಾಲ್ಕು ಊರುಗಳ ಯಜಮಾನರೂ ಅದನ್ನೇ ಹೇಳಿದರು. ನಾಲ್ಕನೆಯ ದಿನ ಖಾಸಿಂ ಸಾಬರು ಮನೆಗೆ ಬಂದು, ತಿದಿಯನ್ನು ಮೂಲೆಗೆ ಒರಗಿಸಿ ಕೂತರು. ಹೈದರನ ಭಾವಮೈದ ಹಿಂದಕ್ಕೂ ನೋಡದೆ ಹೋದದ್ದು ಯಾಕೆ ಎಂದು ಈಗ ಅರ್ಥವಾಯಿತು ಎಂದರು.

"ಕರಾಚೀದು ಐದು ತಿಂಗಳು ವಿಚಾರಿಸಿದ್ರಿ," ಅಂದರು ಬಶೀರುನ್ನೀಸಾ. "ಇಲ್ಲೀದು ಒಂದು ಮಾತು ಕೇಳ್ಲಿಲ್ವಲ್ಲ."

"ಇದು ನಮ್ಮ ದೇಶ ಅಲ್ವಾ. ಏನು ಕೇಳೋದು?"

ಮನೆಯಲ್ಲಿ ರಾಗಿ ಒಂದು ತಿಂಗಳಿಗೆ ಇತ್ತು. ಖಾಸಿಂ ಸಾಬರು ತುಮಕೂರು, ಮಾಗಡಿ, ಕುಣಿಗಲಿನ ಹೆಸರುಗಳನ್ನು ಹೇಳುತ್ತಾ, ಅಲ್ಲಿ ಯಾರನ್ನು ವಿಚಾರಿಸಬಹುದು ಎಂದು ಯೋಚಿಸತೊಡಗಿದರು. ಬಶೀರುನ್ನೀಸಾ ಬಿಂದಿಗೆ ಎತ್ತಿಕೊಂಡು ಬಾವಿಗೆ ಹೋದರು.

ಬಾವಿಯ ಹತ್ತಿರ ನೀರು ಸೇದುತ್ತಿದ್ದವರು ಪಟೇಲರ ಹೆಂಡತಿ ಅನುಸೂಯಮ್ಮ. ಅವರ ಕಣ್ಣು ಬಿದ್ದದ್ದು ಬಿಂದಿಗೆಯ ಬಾಯಿಯ ಮೇಲೆ, ಒಳಗಿನ ಬೆಳ್ಳನೆಯ ಕಲಾಯಿಯ ಮೇಲೆ. ಬಗ್ಗಿ ಬೆರಳಿನಿಂದ ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಕಪ್ಪು ಹತ್ತಿರಲಿಲ್ಲ. ಯಾರು ಹಾಕಿದ್ದು ಎಂದು ಕೇಳಿದರು. ನಮ್ಮ ಮನೆಯವರು ಎಂದರು ಬಶೀರುನ್ನೀಸಾ. ಸೀಸ ಬೆರೆಸುತ್ತಾರೆಯೇ ಎಂದು ಕೇಳಿದರು. ಬೆರೆಸಿದ ದಿನ ನಾನು ತವರುಮನೆಗೆ ಹೋಗುತ್ತೇನೆ ಎಂದರು ಇವರು.

ಆಗ ವಿಷಯ ಹೊರಗೆ ಬಿತ್ತು. ಯುದ್ಧ ಶುರುವಾಗಿ ತವರ ಸಿಕ್ಕದ ಹಾಗಾದಾಗ ಹಿಂದಿನ ಕಲಾಯಿಯವನು ಸೀಸ ಬೆರೆಸಿ ಹಾಕತೊಡಗಿದ್ದ. ಸಾರು ಕಪ್ಪಗಾಯಿತು, ಹುಳಿ ಕಹಿಯಾಯಿತು. ಹೆಂಗಸರು ಜಗಳ ಆಡಲಿಲ್ಲ. ಮದುವೆಯಲ್ಲಿ ಬಂದ ಹಿತ್ತಾಳೆಯನ್ನೆಲ್ಲ ಒಬ್ಬೊಬ್ಬರೇ ಅಟ್ಟಕ್ಕೆ ಏರಿಸಿ, ಕುಂಬಾರನಿಗೆ ಹೇಳಿಕಳಿಸಿದರು. ಅವನು ಅಲ್ಲಿಂದೀಚೆಗೆ ಕೂಲಿ ಮಾಡಿ ಹೊಟ್ಟೆ ಹೊರೆದ. ಗಂಡಸರು ಒಂದು ದಿನ ಮಡಕೆ ಸಾರು ಉಂಡು ರುಚಿಯಾಗಿದೆ ಎಂದರು. ಇರಲಿ ಎಂದು ಹೆಂಗಸರೂ ಅಟ್ಟದ ವಿಷಯ ಎತ್ತಲಿಲ್ಲ.

"ಅಟ್ಟದ ಮೇಲೆ ಹದಿನಾಲ್ಕು ಅವೆ ಕಣಮ್ಮ, ನಮ್ಮಮ್ಮ ಕೊಟ್ಟಿದ್ದು," ಅಂದರು ಅನುಸೂಯಮ್ಮ. "ನಾಳೆ ಕಳುಸ್ಲಾ?"

ಮಾರನೆಯ ದಿನ ಪಟೇಲರ ಮನೆಯ ಅಟ್ಟಕ್ಕೆ ಏಣಿ ಬಿತ್ತು. ಹಿತ್ತಾಳೆಯ ತಪ್ಪಲೆಗಳು, ಕೊಳಗ, ಎರಡು ಹಂಡೆ, ಒಂದೊಂದಾಗಿ ಧೂಳು ಸುರಿಸಿಕೊಂಡು ಇಳಿದವು. ಪಾಪಯ್ಯನವರು ಜಗಲಿಯಲ್ಲಿ ನಿಂತು ನೋಡುತ್ತಿದ್ದರು. ಹತ್ತನೆಯದು ಬಂದ ಮೇಲೆ ಹೆಂಡತಿಯನ್ನು ಮೆಲ್ಲಗೆ ಕೇಳಿದರು.

"ಇವೆಲ್ಲ ನಮ್ಮನೇವೇನೇ?"

ಸಂಜೆಯೊಳಗೆ ಹದಿನಾಲ್ಕೂ ಬೆಳ್ಳಗಾದವು. ನೋಡಲು ಬಂದ ಹೆಂಗಸರೆಲ್ಲ ಬೆರಳಿನಿಂದ ಉಜ್ಜಿ, ಮನೆಗೆ ಹೋಗಿ ಏಣಿ ಹುಡುಕಿದರು. ಖಾಸಿಂ ಸಾಬರು ಕೈ ತೊಳೆದುಕೊಂಡು ಬಂದು ಕೂತಾಗ ಬಶೀರುನ್ನೀಸಾ ರೊಟ್ಟಿ ಬಡಿಸುತ್ತಾ ಕೇಳಿದರು.

"ಐದು ತಿಂಗಳು ಯಾರ್ಯಾರನ್ನ ಕೇಳಿದ್ರಿ?"

ಖಾಸಿಂ ಸಾಬರು ನೆನೆಸಿಕೊಂಡು ಹೇಳಿದರು. ಬೈಲಪ್ಪ. ರೇಷ್ಮೆ ದಲ್ಲಾಳಿ. ಗುಮಾಸ್ತನ ಕಾಗದ. ಇಲ್ಲಿ ಪಾಪಯ್ಯ, ನಾಲ್ಕು ಊರಿನ ಯಜಮಾನರು.

"ಎಲ್ಲಾ ಗಂಡಸರೇ. ಅವರಿಗೆ ತಪ್ಪಲೆ ತಳ ಯಾವಾಗ ಕಂಡಿರುತ್ತೆ? ಅವರು ನೋಡೋವಾಗ ಮೇಲೆ ಸಾರು ತುಂಬಿರುತ್ತೆ."

ಖಾಸಿಂ ಸಾಬರು ಮುರಿದ ರೊಟ್ಟಿಯನ್ನು ತಟ್ಟೆಗೆ ವಾಪಸು ಇಟ್ಟರು.

"ಹಂಗಾದ್ರೆ ಲಾಹೋರಿನಲ್ಲೂ ಹೆಂಗಸರನ್ನ," ಎಂದು ಶುರುಮಾಡಿದರು.

ಅನುಸೂಯಮ್ಮನ ಓರಗಿತ್ತಿಯ ಹನ್ನೊಂದು ಪಾತ್ರೆ ಬರುತ್ತವೆ, ಬೆಳಿಗ್ಗೆ ಬೇಗ ಏಳಬೇಕು ಎಂದು ಬಶೀರುನ್ನೀಸಾ ಇನ್ನೊಂದು ರೊಟ್ಟಿ ಹಾಕಿದರು.