ಹೆಸರೆತ್ತಬಾರದ ದೊಡ್ಡೋರು

ನಾನು ಚಿಕ್ಕವಳಿದ್ದಾಗ ಓದಿದ ಕಥೆಗಳಲ್ಲಿ ಆನೆಗಳೆಲ್ಲ ಸಾಧುಗಳೇ. ಮಳೆ ಬಂದರೆ ಇಲಿಮರಿಯನ್ನು ಹೊಟ್ಟೆಯ ಕೆಳಗೆ ನಿಲ್ಲಿಸಿಕೊಳ್ಳುತ್ತಿದ್ದವು, ಬೆಲ್ಲ ಕೊಟ್ಟವರನ್ನು ಬೆನ್ನ ಮೇಲೆ ಕೂರಿಸಿಕೊಂಡು ಊರು ಸುತ್ತಿಸುತ್ತಿದ್ದವು. ಚಾಮರಾಜನಗರದ ನಮ್ಮ ಬೀದಿಗೆ ಬರುತ್ತಿದ್ದ ಆನೆಯೂ ಅಂಥದ್ದೇ. ಹಣೆ ತುಂಬ ವಿಭೂತಿ ಬಳಿಸಿಕೊಂಡು ಬಂದು, ಸೊಂಡಿಲಿನಿಂದ ತಲೆ ಮುಟ್ಟಿ, ಬಾಳೆಹಣ್ಣು ಈಸಿಕೊಂಡು ಹೋಗುತ್ತಿತ್ತು. ಹೀಗಾಗಿ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಭೀಮನಬೀಡಿನಿಂದ ಆಚೆ ಕಾಡಂಚಿನ ಶಾಲೆಯೊಂದಕ್ಕೆ ಟೀಚರಾಗಿ ಹೋದಾಗ ಆನೆಯ ವಿಷಯ ನನಗೆಲ್ಲ ಗೊತ್ತು ಎಂದೇ ತಿಳಿದಿದ್ದೆ.

ನನ್ನ ಬಾಯಿ ಸ್ವಲ್ಪ ಜೋರು. ಮಕ್ಕಳನ್ನು ನಗಿಸುವುದು ನನಗೆ ಬರುತ್ತದೆ ಎಂಬ ಜಂಬ ಬೇರೆ. ಮೂರನೇ ಕ್ಲಾಸಿಗೆ ಆನೆಯ ಕಥೆ ಹೇಳುವ ದಿನ ಮನೆಯಿಂದಲೇ ದೊಡ್ಡದೊಂದು ಚಿತ್ರ ಬರೆದು ತಂದಿದ್ದೆ. ಛತ್ರಿ ಹಿಡಿದ ಆನೆ, ಬೆನ್ನಿಗೆ ಸ್ಕೂಲ್ ಬ್ಯಾಗು. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯನ್ನು ಎಬ್ಬಿಸಿ ಇದೇನು ಎಂದು ಕೇಳಿದೆ. ಅವಳು ಜಾಣೆ, ಓದುವುದರಲ್ಲಿ ಎಲ್ಲರಿಗಿಂತ ಮುಂದು. ಅವತ್ತು ಮಾತ್ರ ತಲೆ ತಗ್ಗಿಸಿಕೊಂಡು, "ದೊಡ್ಡೋರು" ಎಂದಳು.

ಯಾಕೆ ಹಾಗಂದೆ ಎಂದು ಒಂದು ಮಾತು ಕೇಳಬಹುದಿತ್ತು. ನಾನೆಲ್ಲಿ ಕೇಳಲಿ! "ದೊಡ್ಡೋರಾ? ಯಾರು, ನಿಮ್ಮ ದೊಡ್ಡಪ್ಪನಾ?" ಎಂದುಬಿಟ್ಟೆ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆ ನಗು ನನಗೆ ಹಿಡಿಸಿತು, ಮುಚ್ಚಿಟ್ಟು ಏನು ಪ್ರಯೋಜನ. ಚಿತ್ರ ತೋರಿಸಿದರೆ ಹೆಸರು ಹೇಳಬೇಕು ಎಂದು ಗದರಿ, ಆನೆ ಎಂದು ಹತ್ತು ಸಲ ಗಟ್ಟಿಯಾಗಿ ಹೇಳಿಸಿದೆ. ಮೊದಲು ನಾನು ಹೇಳುವುದು, ನನ್ನ ಹಿಂದೆ ಅವಳು. ಕಣ್ಣು ಮುಚ್ಚಿಕೊಂಡೇ ಹೇಳಿದಳು. ಹತ್ತನೆಯದಕ್ಕೆ ದನಿಯೇ ಬರಲಿಲ್ಲ. ಅದನ್ನೂ ಬಿಡದೆ ಇನ್ನೊಂದು ಸಲ ಹೇಳಿಸಿದೆ.

ಮೂರು ದಿನ ಕಳೆದ ಮೇಲೆ ಅವಳು ಶಾಲೆಗೆ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಬಿಸಿಯೂಟ ಮಾಡುವ ಅಡುಗೆಯಮ್ಮ ಅವಳ ಪಕ್ಕದ ಮನೆಯವರು, ಸಾರಿಗೆ ಒಗ್ಗರಣೆ ಹಾಕುತ್ತಲೇ ವಿಷಯ ಹೇಳಿದರು. ಅವರ ಬಾಳೆತೋಟಕ್ಕೆ ಆನೆ ನುಗ್ಗಿತ್ತು. ಓಡಿಸಲು ಹೋದ ಹುಡುಗಿಯ ಅಪ್ಪ ಹಳ್ಳಕ್ಕೆ ಬಿದ್ದು, ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದರು. ಬೆಳೆ ನಿಂತಿರುವಾಗ ಆ ಮನೆಯಲ್ಲಿ ಯಾರೂ ಆನೆಯ ಹೆಸರೆತ್ತುವುದಿಲ್ಲವಂತೆ. ಹೆಸರೆತ್ತಿದರೆ ಕರೆದ ಹಾಗೆ, ಬಂದುಬಿಡುತ್ತದೆ ಎಂದು ಅಜ್ಜಿ ಹೇಳಿಕೊಟ್ಟಿದ್ದರಂತೆ. ಆಮೇಲೆ ಅಡುಗೆಯಮ್ಮ ಸೌಟು ಕೆಳಗಿಟ್ಟು, "ಹೆಣ್ಮಗ ಅನ್ನ ಮುಟ್ತಿಲ್ಲ ಕಣಿ ಮಿಸ್. ಇಸ್ಕೂಲಲ್ಲಿ ನಾನೇ ಕೂಗ್ಬುಟ್ಟೆ, ಅದ್ಕೇ ಬಂದ್ಬುಡ್ತು ಅಂತ ಅಳ್ತದೆ" ಎಂದರು. ಕೂಗಿಸಿದ್ದು ಯಾರು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅದೇ ಮಕ್ಕಳಿಂದ ಕಾಪಿ ಬರೆಸಿದವಳು ನಾನು. ಥೂ, ನನ್ನ ಬಾಯಿಗೆ ಮಣ್ಣು ಹಾಕ.

ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ತಪ್ಪು ನನ್ನದು, ನಿನ್ನದಲ್ಲ ಎಂದು ಆ ಮಗುವಿಗೆ ಹೇಳಿ ಬರಬೇಕು, ಮನಸ್ಸಿನಲ್ಲಿದ್ದದ್ದು ಅಷ್ಟೇ. ದಾರಿಯುದ್ದಕ್ಕೂ ಆ ಮಾತನ್ನೇ ಹೊಂದಿಸಿಕೊಂಡು ನಡೆದೆ. ಅಜ್ಜಿ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ ಟೀ ಕೊಟ್ಟರು. ನಮ್ಮ ಮಗು ಚಿತ್ರದ ಹೆಸರು ಹೇಳದೆ ನಿಮಗೆ ಬೇಜಾರು ಮಾಡಿತಂತೆ, ಹೊಟ್ಟೆಗೆ ಹಾಕಿಕೊಳ್ಳಿ ಎಂದು ನನ್ನನ್ನೇ ಬೇಡಿಕೊಂಡರು. ನಾಚಿಕೆಯಿಂದ ಅವರ ಮುಖ ನೋಡಲಾಗದೆ ನೆಲ ನೋಡುತ್ತ ಕೂತೆ. ಹೊಂದಿಸಿಕೊಂಡಿದ್ದ ಮಾತು ಒಳಗೇ ಉಳಿಯಿತು. ಬಾಯಿಂದ ಬಂದದ್ದು ಮತ್ತೆ ಪಾಠವೇ. ಹೆಸರು ಹೇಳಿದರೆಲ್ಲ ಆನೆ ಬರುವುದಿಲ್ಲ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಷ್ಟೆ, ನೀನು ಊಟ ಮಾಡು ಎಂದು ಒಳಗಿದ್ದ ಹುಡುಗಿಗೆ ಕೇಳುವಂತೆ ಹೇಳಿದೆ.

ಅವಳು ಬಾಗಿಲ ಮರೆಯಿಂದ ಈಚೆ ಬಂದಳು. ಅತ್ತು ಅತ್ತು ಕಣ್ಣು ಊದಿದ್ದವು. ಎದುರುತ್ತರ ಕೊಡುವ ಹುಡುಗಿಯಲ್ಲ ಅವಳು. ಗೊತ್ತಿಲ್ಲದ್ದನ್ನು ಟೀಚರ ಹತ್ತಿರ ಕೇಳುವ ಹಾಗೆಯೇ ಕೇಳಿದಳು.

"ನೀವೂ ನನ್ ಜೊತೇಲಿ ಅಷ್ಟ್ ಸಲ ಅಂದ್ರಲ್ಲ ಮಿಸ್. ನಿಮ್ಮಟ್ಟಿಗ್ಯಾಕ್ ಬರ್ನಿಲ್ಲ?"

ನಮ್ಮಟ್ಟಿ, ಎಂದರೆ ನನ್ನ ಮನೆ, ಚಾಮರಾಜನಗರದಲ್ಲಿ ಎರಡನೇ ಮಹಡಿಯಲ್ಲಿದೆ. ಅಲ್ಲಿ ಆನೆ ನುಗ್ಗಲು ಬಾಳೆತೋಟವಿಲ್ಲ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಬಸ್ಸು ಬರುವ ಹೊತ್ತಾಯಿತು ಎಂದು ಸುಳ್ಳು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ.