ಮಂಜಿನ ಊರಿಗೆ ಎ.ಸಿ. ಕಾರು

ವಯನಾಡಿನ ಕಲ್ಲೂರಿನಲ್ಲಿ ಮಕರ ತಿಂಗಳ ಬೆಳಿಗ್ಗೆ ಅಂಗಳಕ್ಕಿಳಿಯಬೇಕಾದರೂ ತಲೆಗೊಂದು ಮಫ್ಲರ್ ಬೇಕು. ಅಂಥ ಊರಿನಲ್ಲಿ ಕೂತು, ಹಳೆಯ ಕಾರಿಗೆ ಎ.ಸಿ. ಹಾಕಿಸೋಣವೆಂದು ನಾನು ಹೇಳಿದಾಗ ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ನನ್ನ ಚಿಕ್ಕಪ್ಪನ ಮುಖ ನೋಡಿದ.

"ಮಾಷಿಗೆ ಜ್ವರ ಉಂಟಾ, ಮುಟ್ಟಿ ನೋಡಿ."

ಅವನ ಮಲಯಾಳದಲ್ಲಿ ನಾನು ಮಾಷ್, ಅಂದರೆ ಶಾಲೆಯ ಮೇಷ್ಟ್ರು; ಚಿಕ್ಕಪ್ಪ ಚೇಟಾ, ಅಂದರೆ ಅಣ್ಣ. ಜ್ವರವಿರಲಿಲ್ಲ. ಹಿಂದಿನ ವರ್ಷ, ಸರ್ಕಾರ ಕೊಡುತ್ತೇನೆಂದಿದ್ದ ಭೂಮಿ ಸಿಗಲಿಲ್ಲವೆಂದು ಕಾಡಿನ ಜನ ಕಾಡೊಳಗೇ ಗುಡಿಸಲು ಹಾಕಿ ಕೂತಿದ್ದರು. ಗಲಾಟೆ ರಸ್ತೆಗೆ ಬಂದ ದಿನ ನಾನು ಬಸ್ಸಿನಲ್ಲಿದ್ದೆ. ಮುಂದೆ ಹೊಗೆ, ಹಿಂದೆ ಲಾರಿಗಳ ಸಾಲು. ತೆರೆದ ಕಿಟಕಿಯಿಂದ ಒಂದು ಕಲ್ಲು ನನ್ನ ಕಿವಿಯ ಪಕ್ಕದಲ್ಲೇ ಹಾದು ಎದುರಿನ ಸೀಟಿನ ಕಂಬಿಗೆ ಬಡಿಯಿತು. ಆಮೇಲೆ ಪೊಲೀಸರ ಗುಂಡಿನ ಸದ್ದು. ಸೀಟುಗಳ ನಡುವೆ ಎಷ್ಟು ಹೊತ್ತು ಮುದುಡಿ ಕೂತಿದ್ದೆನೋ ಗೊತ್ತಿಲ್ಲ. ಆ ಕಂಬಿಯ ಠಣ್ ಮಾತ್ರ ಇಂದಿಗೂ ಕೇಳುತ್ತದೆ. ಹೊರಗೆ ಓಡುತ್ತಿದ್ದವರಲ್ಲಿ ನನ್ನ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರೂ ಇದ್ದಿರಬಹುದು ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಆ ಹೊತ್ತಿಗೆ ಹೊಳೆಯಲಿಲ್ಲ.

ಅಂದಿನಿಂದ ಕಿಟಕಿ ತೆರೆದ ಯಾವ ಗಾಡಿಯಲ್ಲೂ ಕೂರಲು ನನ್ನಿಂದಾಗಲಿಲ್ಲ. ಗುಂಡ್ಲುಪೇಟೆಗೆ ಮದುವೆಯಾಗಿ ಹೋದ ನನ್ನ ಅಕ್ಕನಿಗೆ ಹೆಣ್ಣುಮಗು ಹುಟ್ಟಿ ಎಂಟು ತಿಂಗಳಾಗಿತ್ತು. ಆ ಕಾಡುದಾರಿ ದಾಟಲಾಗದೆ ನಾನು ಮಗುವಿನ ಮುಖ ನೋಡಿರಲಿಲ್ಲ. ಆ ಕಡೆಯ ಬಿಸಿಲಲ್ಲೂ ಗಾಜು ಏರಿಸಿಕೊಂಡೇ ಹೋಗಬಹುದಾದ ಕಾರಿದ್ದರೆ ಹೋಗಬಲ್ಲೆ ಎಂದು ಚಿಕ್ಕಪ್ಪನಿಗೆ ಹೇಳಿದ್ದೆ.

ಚಿಕ್ಕಪ್ಪ ಮೆಣಸಿನ ವ್ಯಾಪಾರಿ. ಎಸ್ಟೇಟಿನವರು ಬಿಟ್ಟುಹೋದ ದುಂಡು ಮೂಗಿನ ಹಳೆಯ ಕಾರೊಂದು ಅವರ ಶೆಡ್ಡಿನಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಅವರು ನನ್ನನ್ನು ಏನೂ ಕೇಳಲಿಲ್ಲ. ಮರುದಿನ ಕೋಳಿಗಳನ್ನು ಓಡಿಸಿ, ಗಡಿಯ ಬಾವಲಿ ಊರಿನಿಂದ ಮೇಸ್ತ್ರಿಯನ್ನು ಕರೆಸಿದ್ದರು.

ಆಮೇಲಿನ ಮೂರು ತಿಂಗಳು ನನಗೆ ಹಬ್ಬ. ಚಿಕ್ಕಪ್ಪ ಮೈಸೂರಿನ ಹಳೇ ಸಾಮಾನಿನ ಅಂಗಡಿಗಳಿಗೆ ಹೋಗಿ, ಮೆಣಸಿನ ಚೀಲದಲ್ಲೇ ಬಿಡಿಭಾಗ ತುಂಬಿಕೊಂಡು ಬರುತ್ತಿದ್ದರು. ಸಂಜೆ ಶಾಲೆಯಿಂದ ಬಂದು ನಾನು ಒಂದೊಂದನ್ನೇ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೆ. ಹೆಡ್‌ಲೈಟಿನ ಬಳೆ ಹೊಸತು ಬೇಕೋ ಹಳತಕ್ಕೇ ಹೊಳಪು ಕೊಡಿಸಬೇಕೋ ಎಂದು ಎರಡು ದಿನ ವಾದ ನಡೆಯಿತು. ಹಳತು ಗೆದ್ದಿತು. ಎ.ಸಿ.ಯ ಕಂಪ್ರೆಸರಿನ ವಾದ ಒಂದು ವಾರ.

"ದೊಡ್ಡದೇ ಹಾಕು. ಮಗ ತಣ್ಣಗೆ ಕೂತ್ಕೊಂಡ್ ಹೋಗ್ಲಿ," ಎಂದರು ಚಿಕ್ಕಪ್ಪ.

"ದೊಡ್ಡದು ಕಟ್ಟಿದ್ರೆ ಈ ಮುದುಕ ಏರು ಹತ್ತಲ್ಲ ಚೇಟಾ. ಮಾಷ್ ತಣ್ಣಗೆ ಕೂರ್ತಾರೆ, ನಾವಿಬ್ರು ಹಿಂದಿಂದ ತಳ್ಳೋದು."

ಕೊನೆಗೆ ಸಣ್ಣ ವ್ಯಾನೊಂದರ ಕಂಪ್ರೆಸರ್ ಬಂತು. ಹಳೆಯ ಡೈನಮೋದ ಕರೆಂಟು ಸಾಲದೆಂದು ಆಲ್ಟರ್ನೇಟರ್ ಬಂತು. ತಣ್ಣನೆಯ ಗಾಳಿ ಊದುವ ಪೆಟ್ಟಿಗೆ ಡ್ಯಾಶಿನ ಅಂದ ಕೆಡಿಸುತ್ತದೆಂದು ಚಿಕ್ಕಪ್ಪ ಮುಖ ಊದಿಸಿಕೊಂಡರು. ಮೇಸ್ತ್ರಿ ಅದನ್ನು ಅಡಿಗೆ ಸರಿಸಿ ಕೂರಿಸಿದ ಮೇಲೆ ಸಮಾಧಾನಗೊಂಡರು. ಬಾಗಿಲುಗಳಿಗೆ ಸಂದು ಮುಚ್ಚುವ ರಬ್ಬರ್ ಬೀಡಿಂಗ್ ನಾನೇ ಆರಿಸಿದೆ, ಎಲ್ಲಕ್ಕಿಂತ ದಪ್ಪದ್ದು.

ಪರೀಕ್ಷೆ ನಡೆದದ್ದು ಬೆಳಿಗ್ಗೆ ಆರೂವರೆಗೆ. ಎದುರಿನ ಕಾಫಿ ಗಿಡ ಕಾಣದಷ್ಟು ಮಂಜು. ಸ್ವೆಟರ್ ಹಾಕಿದ ಮೂವರೂ ಗಾಜು ಏರಿಸಿ ಕೂತೆವು. ಮೇಸ್ತ್ರಿ ಸ್ವಿಚ್ ಒತ್ತಿದ. ಪೆಟ್ಟಿಗೆ ಗುಂಯ್ಯೆಂದಿತು.

"ಹೆಂಗೆ ತಣ್ಪು?"

"ಅಯ್ಯೋ, ಹಲ್ಲು ಕಟಕಟ ಅಂತದೆ ಮಾರಾಯ, ಸಾಕು ಆರಿಸು!" ಎಂದರು ಚಿಕ್ಕಪ್ಪ. ಮೂಳೆಯೊಳಗೂ ಚಳಿ ಇಳಿಯುತ್ತಿದೆ ಎಂದು ನಾನೂ ಸಾಕ್ಷಿ ಹೇಳಿದೆ.

ಆ ಭಾನುವಾರವೇ ಹೊರಟೆವು. ಮೇಸ್ತ್ರಿ ಸ್ಟೀರಿಂಗಿನಲ್ಲಿ, ಚಿಕ್ಕಪ್ಪ ಪಕ್ಕದಲ್ಲಿ, ನಾನು ಹಿಂದೆ. ಬಸ್ಸು ನಿಂತಿದ್ದ ಆ ಜಾಗ ಬಂತು. ಕಣ್ಣು ಮುಚ್ಚಿ, ಪೆಟ್ಟಿಗೆಯ ಗುಂಯ್ ಒಂದನ್ನೇ ಕೇಳುತ್ತ ಕೂತೆ. ಕಣ್ಣು ತೆರೆದಾಗ ಆ ಜಾಗ ಹಿಂದೆ ಉಳಿದಿತ್ತು. ಕಾಡು ಮುಗಿದು ಬಯಲು, ಬಿಸಿಲು. ಗುಂಡ್ಲುಪೇಟೆ ಹತ್ತಿರವಾದಂತೆ ನನ್ನ ಅಂಗಿ ಬೆನ್ನಿಗಂಟಿತು. ಚಿಕ್ಕಪ್ಪ ಸ್ವೆಟರ್ ಬಿಚ್ಚಿದರು, ಆಮೇಲೆ ಅಂಗಿಯನ್ನೂ ಬಿಚ್ಚಿದರು.

"ತಣ್ಪು ಎಲ್ಲಿ ಹೋಯ್ತೋ?"

ಮೇಸ್ತ್ರಿ ಅಕ್ಕನ ಮನೆ ಮುಂದೆ ಕಾರು ನಿಲ್ಲಿಸಿ ಬಾನೆಟ್ ಎತ್ತಿದ. ಮೆಲ್ಲನೆ ಡಿಕ್ಕಿ ತೆಗೆದು ಒಂದು ಬೆಲ್ಟನ್ನು ಹೊರಗೆಳೆದ. ಪರೀಕ್ಷೆಯ ಹಿಂದಿನ ದಿನ ಏನನ್ನೋ ಬಿಗಿ ಮಾಡಲೆಂದು ಕಂಪ್ರೆಸರಿನ ಬೆಲ್ಟ್ ಬಿಚ್ಚಿದವನು ಮತ್ತೆ ಹಾಕಿಯೇ ಇರಲಿಲ್ಲ. ನಾವು ಮೆಚ್ಚಿಕೊಂಡದ್ದು ಬರೀ ವಯನಾಡಿನ ಮಂಜನ್ನು.

ಅಕ್ಕ ಹೊಟ್ಟೆ ಹಿಡಿದು ನಕ್ಕಳು. ಮಗುವನ್ನು ನನ್ನ ತೊಡೆಗೆ ಹಾಕಿದಳು. ಅದು ಬೆವತ ನನ್ನ ಮೂಗನ್ನು ಹಿಡಿದು ಎಳೆಯಿತು. ಅದರ ಮುಷ್ಟಿಯಲ್ಲಿ ಅಷ್ಟು ಬಲವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ವಾಪಸು ಬರುವಾಗ ಬೆಲ್ಟ್ ತನ್ನ ಜಾಗದಲ್ಲಿತ್ತು, ಕಾರೊಳಗೆ ನಿಜವಾದ ಚಳಿಯಿತ್ತು. ಕಾಡಿನ ಮಧ್ಯೆ ಬೆತ್ತದ ಬುಟ್ಟಿ ಹೊತ್ತ ಕಾಡಿನ ಅಜ್ಜಿಯೊಬ್ಬಳು ಕೈ ಅಡ್ಡ ಹಿಡಿದಳು. ಸಂಜೆಯಾದರೆ ಆ ರಸ್ತೆಗೆ ಆನೆ ಬರುತ್ತದೆ. ನಡೆಯುವವರನ್ನು ಬಿಟ್ಟು ಮುಂದೆ ಹೋಗುವ ಗಾಡಿ ನಮ್ಮ ಕಡೆ ಇಲ್ಲ. ಮೇಸ್ತ್ರಿ ನನ್ನನ್ನು ಕೇಳದೆ ನಿಲ್ಲಿಸಿದ. ನಾನು ಆಚೆ ಬದಿಯ ಕಿಟಕಿಗೆ ಸರಿದೆ. ಅಜ್ಜಿ ನನ್ನ ಪಕ್ಕ ಹತ್ತಿ ಕೂತು, ಸೆರಗನ್ನು ಮೈತುಂಬ ಹೊದ್ದಳು.

"ಏನ್ ಮಕ್ಳೆ ಇದು? ಹೊರಗಿನ ಚಳಿ ಸಾಲ್ದೂಂತ ಒಳಗೂ ತುಂಬ್ಕೊಂಡಿದ್ದೀರ?"

"ಅದು ಎ.ಸಿ. ಅಜ್ಜಿ," ಎಂದ ಮೇಸ್ತ್ರಿ, ಬಹಳ ಹೆಮ್ಮೆಯಿಂದ.

"ಎಂಥದಾದ್ರೂ ಆಗ್ಲಿ, ಉಸಿರು ಕಟ್ತದೆ. ಮೋನೇ, ಆ ಗಾಜು ಒಂಚೂರು ಇಳ್ಸು," ಎಂದಳು ಅಜ್ಜಿ, ನನ್ನನ್ನು ಮಗನೇ ಎಂದು ಕರೆದು.

ಮುಂದಿನ ಸೀಟಿನ ಇಬ್ಬರೂ ತಿರುಗಿ ನೋಡಲಿಲ್ಲ. ಗಾಜಿನ ಹಿಡಿ ಹೊಸತು, ಬಿಗಿಯಾಗಿತ್ತು. ತಿರುಗಿಸಿದೆ. ನಾಲ್ಕು ಬೆರಳು ಇಳಿಯಿತು. ಒಣಗಿದ ಎಲೆಯ ವಾಸನೆ ಒಳಗೆ ಬಂತು.

"ಇನ್ನೂ ಸ್ವಲ್ಪ," ಎಂದಳು ಅಜ್ಜಿ.

ಇನ್ನೂ ಸ್ವಲ್ಪ ಇಳಿಸಿದೆ.